ನೋಮ್ ಪೆನ್‌ಗೆ ನೀರು, ಕಿಟಾಕ್ಯೂಶುವಿನ ನೆರವು

1993ರಲ್ಲಿ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನ ಶುದ್ಧೀಕರಣ ಘಟಕದಿಂದ ನೂರು ಲೀಟರ್ ನೀರು ಹೊರಟರೆ, ಅದರಲ್ಲಿ 72 ಲೀಟರ್ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಒಡೆದ ಪೈಪುಗಳಿಂದ ಒಂದಷ್ಟು ಮಣ್ಣುಪಾಲಾದರೆ, ಇನ್ನೊಂದಷ್ಟು ಅಕ್ರಮ ಸಂಪರ್ಕಗಳಿಗೆ ಹೋಗುತ್ತಿತ್ತು. ದಿನಕ್ಕೆ ಹತ್ತು ಗಂಟೆಯಷ್ಟೇ ನೀರು. ಅದೂ ಊರಿನ ಕಾಲುಭಾಗದಷ್ಟು ಜನರಿಗೆ. ಎರಡು ದಶಕ ಕಳೆಯುವುದರೊಳಗೆ ಅದೇ ನಗರ ನಷ್ಟವನ್ನು ಶೇ 6ರ ಆಸುಪಾಸಿಗೆ ಇಳಿಸಿ, ನಲ್ಲಿಯಿಂದಲೇ ಕುಡಿಯಬಹುದಾದ ನೀರನ್ನು ದಿನದ 24 ಗಂಟೆಯೂ ಕೊಡತೊಡಗಿತು. ಈ ಸಾಧನೆಯಲ್ಲಿ ಜಪಾನಿನ ಕಿಟಾಕ್ಯೂಶು ಎಂಬ ನಗರದ ಜಲಮಂಡಳಿಗೂ ಪಾಲಿದೆ. ನಗರಗಳು ಗಡಿಯಾಚೆಗೂ ಕೈಜೋಡಿಸಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಮನೆ ಸರಿಮಾಡಿಕೊಂಡರು

1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಡಳಿತದಲ್ಲಿ ನೋಮ್ ಪೆನ್ ಬರಿದಾಗಿತ್ತು. ಜನರನ್ನೆಲ್ಲ ಹಳ್ಳಿಗಳಿಗೆ ಅಟ್ಟಲಾಗಿತ್ತು. ನೀರು ಸರಬರಾಜು ಬಲ್ಲ ಸಿಬ್ಬಂದಿಯಲ್ಲಿ ಹಲವರು ಬದುಕಿ ಉಳಿಯಲಿಲ್ಲ. ನೆಲದಡಿಯ ಪೈಪುಗಳ ನಕ್ಷೆಗಳೂ ಕಳೆದುಹೋಗಿದ್ದವು. ಇಂಥ ಸ್ಥಿತಿಯಲ್ಲಿದ್ದ ನಗರದ ಜಲಮಂಡಳಿಗೆ 1993ರಲ್ಲಿ ಮುಖ್ಯಸ್ಥರಾಗಿ ಬಂದವರು ಎಂಜಿನಿಯರ್ ಎಕ್ ಸೋನ್ ಚಾನ್.

ಅವರು ಮೊದಲು ಕೈಹಾಕಿದ್ದು ಲೆಕ್ಕಕ್ಕೆ. ಸಿಬ್ಬಂದಿಯನ್ನು ಮನೆಮನೆಗೆ ಕಳಿಸಿ ಗ್ರಾಹಕರ ಪಟ್ಟಿಯನ್ನು ಹೊಸದಾಗಿ ಮಾಡಿಸಿದರು. ಪ್ರತಿ ಸಂಪರ್ಕಕ್ಕೂ ಮೀಟರ್ ಹಾಕಿಸಿದರು. ಅಕ್ರಮ ಸಂಪರ್ಕಕ್ಕೆ ನೆರವಾದ ನೌಕರರು ಕೆಲಸ ಕಳೆದುಕೊಂಡರು. ಚೆನ್ನಾಗಿ ದುಡಿದವರ ಸಂಬಳ ಏರಿತು. ಸರ್ಕಾರಿ ಕಚೇರಿ, ಸೇನೆ, ಶ್ರೀಮಂತರು ಎನ್ನದೆ ಎಲ್ಲರಿಂದಲೂ ಬಿಲ್ ವಸೂಲಾಯಿತು. ಸೇನಾಧಿಕಾರಿಯೊಬ್ಬರ ಮನೆಗೆ ಮೀಟರ್ ಹಾಕಿಸಲು ಖುದ್ದಾಗಿ ಹೋದಾಗ ಎದುರಿಗೆ ಬಂದೂಕು ಹಿಡಿದರೂ ಎಕ್ ಸೋನ್ ಚಾನ್ ಪಟ್ಟು ಸಡಿಲಿಸಲಿಲ್ಲ. ಬಡವರಿಗೆ ಮಾತ್ರ ಸಂಪರ್ಕ ಶುಲ್ಕದಲ್ಲಿ ರಿಯಾಯಿತಿಯನ್ನೂ ಕಂತಿನ ಅನುಕೂಲವನ್ನೂ ಕೊಟ್ಟರು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹೊಗೆ ನುಂಗಿದ ಊರಿನ ಅನುಭವ

ಕಿಟಾಕ್ಯೂಶು 1963ರಲ್ಲಿ ಐದು ಪಟ್ಟಣಗಳು ಸೇರಿ ಆದ ಊರು. ಅಲ್ಲಿನ ಯಾಹತಾ ಉಕ್ಕಿನ ಕಾರ್ಖಾನೆ 1901ರಷ್ಟು ಹಳೆಯದು. 1960ರ ದಶಕದಲ್ಲಿ ಆ ಊರಿನ ಆಕಾಶವನ್ನು ಹೊಗೆ ತುಂಬಿತ್ತು. ಕಾರ್ಖಾನೆಗಳ ಕೊಳಕು ಸೇರುತ್ತಿದ್ದ ದೋಕಾಯ್ ಕೊಲ್ಲಿಯನ್ನು ಜನ ಸತ್ತ ಸಮುದ್ರವೆಂದೇ ಕರೆಯುತ್ತಿದ್ದರು. ಮೊದಲು ದನಿಯೆತ್ತಿದವರು ತೊಬಾತಾ ಭಾಗದ ಗೃಹಿಣಿಯರು. ನೀಲಿ ಆಕಾಶ ಬೇಕು ಎಂದು ಅವರು ಸಂಘ ಕಟ್ಟಿ ಹೋರಾಡಿದರು. ಪಾಲಿಕೆ, ಕಾರ್ಖಾನೆಗಳು ಮತ್ತು ನಾಗರಿಕರು ಒಟ್ಟಾಗಿ ಊರನ್ನು ಚೊಕ್ಕಟ ಮಾಡಿದರು. 1990ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ‘ಗ್ಲೋಬಲ್ 500’ ಗೌರವ ಈ ನಗರಕ್ಕೆ ಸಂದಿತು.

ಆ ಅನುಭವವನ್ನು ಕಿಟಾಕ್ಯೂಶು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. 1979ರಲ್ಲೇ ಸೋದರ ನಗರ ಒಪ್ಪಂದ ಮಾಡಿಕೊಂಡಿದ್ದ ಚೀನಾದ ದಾಲಿಯಾನ್‌ಗೆ ಮಾಲಿನ್ಯ ನಿಯಂತ್ರಣ ಕಲಿಸಿತು. 1999ರಿಂದ ತನ್ನ ಜಲಮಂಡಳಿಯ ತಜ್ಞರನ್ನು ನೋಮ್ ಪೆನ್‌ಗೆ ಕಳಿಸತೊಡಗಿತು. ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಇದಕ್ಕೆ ಬೆಂಬಲವಾಗಿ ನಿಂತಿತು.

ನಡುರಾತ್ರಿಯ ಹರಿವು

ಈ ತಜ್ಞರು ತಂದ ವಿಧಾನ ಕೇಳಲು ಸರಳ. ಇಡೀ ಊರಿನ ಪೈಪುಜಾಲವನ್ನು ಸುಮಾರು 40 ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ನೀರು ಹೋಗುವಲ್ಲಿ ಹರಿವು ಮತ್ತು ಒತ್ತಡ ಅಳೆಯುವ ಮೀಟರ್ ಕೂರಿಸುವುದು. ಆ ಅಂಕಿಗಳು ನಿಯಂತ್ರಣ ಕೊಠಡಿಗೆ ತಾವಾಗಿಯೇ ಬರುತ್ತವೆ. ರಾತ್ರಿ ಎರಡು ಗಂಟೆಗೆ ಊರೆಲ್ಲ ಮಲಗಿರುವಾಗ ನಲ್ಲಿ ತಿರುಗಿಸುವವರು ಕಡಿಮೆ. ಆಗಲೂ ಒಂದು ವಲಯಕ್ಕೆ ಜೋರಾಗಿ ನೀರು ಹೋಗುತ್ತಿದ್ದರೆ ಅಲ್ಲಿ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಊರೆಲ್ಲ ಹುಡುಕುವ ಬದಲು ಸೋರಿಕೆ ತಂಡ ಆ ವಲಯಕ್ಕೇ ಹೋಗುತ್ತದೆ, ನೆಲದಡಿಯ ಸದ್ದು ಆಲಿಸಿ ಜಾಗ ಗುರುತಿಸುತ್ತದೆ, ಅಗೆದು ದುರಸ್ತಿ ಮಾಡುತ್ತದೆ. ನಷ್ಟ ತಗ್ಗಿಸಿದ ತಂಡಕ್ಕೆ ಪ್ರೋತ್ಸಾಹಧನವೂ ಇತ್ತು.

ನೀರಿನ ಗುಣಮಟ್ಟ ಪರೀಕ್ಷೆ, ಪಂಪುಗಳ ನಿರ್ವಹಣೆ, ಘಟಕದ ದಿನನಿತ್ಯದ ಉಸ್ತುವಾರಿಯನ್ನೂ ಕಿಟಾಕ್ಯೂಶುವಿನವರು ಜೊತೆಗೆ ನಿಂತು ಕಲಿಸಿದರು. 2007ರಿಂದ ಈ ತರಬೇತಿ ಕಾಂಬೋಡಿಯಾದ ಇತರ ಪಟ್ಟಣಗಳಿಗೂ ಹಬ್ಬಿತು. ಅಷ್ಟರಲ್ಲಿ ನೋಮ್ ಪೆನ್‌ನ ಸಿಬ್ಬಂದಿಯೇ ಕಲಿಸುವಷ್ಟು ಪಳಗಿದ್ದರು. 2010ರಲ್ಲಿ ಸ್ಟಾಕ್‌ಹೋಮ್ ಉದ್ಯಮ ಜಲ ಪ್ರಶಸ್ತಿ ನೋಮ್ ಪೆನ್ ಜಲಮಂಡಳಿಗೆ ಸಂದಿತು. 2012ರಲ್ಲಿ ಕಾಂಬೋಡಿಯಾದ ಷೇರುಪೇಟೆಯಲ್ಲಿ ವಹಿವಾಟು ಶುರುವಾದಾಗ ಅಲ್ಲಿ ನೋಂದಾಯಿತವಾದ ಮೊದಲ ಸಂಸ್ಥೆಯೂ ಇದೇ. ಎರಡೂ ಊರುಗಳು ವಿಧಿವತ್ತಾಗಿ ಸೋದರ ನಗರಗಳಾದದ್ದು 2016ರಲ್ಲಿ. ಒಟ್ಟಿಗೆ ದುಡಿದು ಒಂದೂವರೆ ದಶಕ ಕಳೆದ ಮೇಲೆ ಸಹಿ ಬಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಬುಟ್ಟಿಯಲ್ಲಿ ಗೊಬ್ಬರ

ಇಂಡೊನೇಷ್ಯಾದ ಸುರಬಾಯಾ ಜೊತೆಗಿನ ಕಿಟಾಕ್ಯೂಶುವಿನ ನಂಟೂ ಇಂಥದ್ದೇ. 2001ರಲ್ಲಿ ಜನರ ಪ್ರತಿಭಟನೆಯಿಂದ ಕಸ ಸುರಿಯುವ ಜಾಗ ಮುಚ್ಚಿ ಆ ಊರು ಕಂಗಾಲಾಗಿತ್ತು. ಕಿಟಾಕ್ಯೂಶುವಿನಿಂದ ಬಂದ ತಜ್ಞ ಕೋಜಿ ತಕಾಕುರಾ ಯಂತ್ರಗಳನ್ನು ತರಲಿಲ್ಲ. ಅಲ್ಲಿನವರ ಅಡುಗೆಮನೆಯ ಟೆಂಪೆಯಂಥ ಹುದುಗು ಬಂದ ತಿನಿಸುಗಳಿಂದಲೇ ಸೂಕ್ಷ್ಮಾಣು ಬೆಳೆಸಿ, ಅಕ್ಕಿ ತೌಡು, ಭತ್ತದ ಹೊಟ್ಟಿನ ಜೊತೆ ಬೆರೆಸಿದರು. ತೂತುಗಳಿರುವ ಪ್ಲಾಸ್ಟಿಕ್ ಬಟ್ಟೆಬುಟ್ಟಿಗೆ ಒಳಗಡೆ ರಟ್ಟು ಹಾಸಿ ಈ ಮಿಶ್ರಣ ತುಂಬಿ, ದಿನದ ಹಸಿಕಸವನ್ನು ಹೆಚ್ಚಿ ಹಾಕಿ ಕಲಸಿದರೆ ವಾಸನೆಯಿಲ್ಲದೆ ಗೊಬ್ಬರವಾಗುತ್ತದೆ. ಪಾಲಿಕೆ ಸಾವಿರಾರು ಮನೆಗಳಿಗೆ ಬುಟ್ಟಿ ಹಂಚಿತು, ಮಹಿಳಾ ಸಂಘಗಳು ಬಳಸುವುದನ್ನು ಕಲಿಸಿದವು. ಕೆಲವೇ ವರ್ಷಗಳಲ್ಲಿ ಊರಿನ ಕಸ ಶೇ 20ಕ್ಕೂ ಹೆಚ್ಚು ಇಳಿಯಿತು.

ನಾವು ಕೇಳಬೇಕಾದ ಪ್ರಶ್ನೆ

ಸಲಹೆಗಾರರು ವರದಿ ಕೊಟ್ಟು ಹೊರಡುತ್ತಾರೆ. ಪಾಲಿಕೆಯ ನೌಕರ ಹಾಗಲ್ಲ. ಬೆಳಿಗ್ಗೆ ನೀರು ಬಾರದಿದ್ದರೆ ಜನರ ಬೈಗುಳ ಕೇಳಿ ಅಭ್ಯಾಸವಿರುವವನು ಅವನು. ಆ ಕಷ್ಟ ಬಲ್ಲವನು ಹೇಳಿದ ಮಾತು ಇನ್ನೊಂದು ಊರಿನ ವಾಲ್ವ್‌ಮನ್‌ಗೆ ತಟ್ಟುತ್ತದೆ. ಆದರೆ ಹೊರಗಿನವರ ನೆರವು ಫಲಿಸಿದ್ದು ಒಳಗಿನವರು ಮೊದಲೇ ಗಟ್ಟಿಯಾಗಿ ನಿಂತಿದ್ದರಿಂದ ಎಂಬುದನ್ನೂ ಮರೆಯಬಾರದು.

ನಮ್ಮ ಬೆಂಗಳೂರಿಗೂ ಮಿನ್ಸ್ಕ್, ಸ್ಯಾನ್ ಫ್ರಾನ್ಸಿಸ್ಕೊದಂಥ ಸೋದರ ನಗರಗಳಿವೆ. ಮಿನ್ಸ್ಕ್ ಹೆಸರಿನ ವೃತ್ತವೂ ಇದೆ. ಇನ್ನು ನೀರಿನ ಮಾತಿಗೆ ಬಂದರೆ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಬಡಾವಣೆಗಳು 2008ರಲ್ಲೇ ನಿರಂತರ ನೀರು ಸಾಧ್ಯವೆಂದು ತೋರಿಸಿವೆ. ನಿಮ್ಮ ಊರಿನ ಮೇಯರ್ ಇನ್ನೊಂದು ದೇಶದ ನಗರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಸುದ್ದಿ ಓದಿದಾಗ ಫೋಟೊ ನೋಡಿ ಸುಮ್ಮನಾಗಬೇಡಿ. ನಮ್ಮ ಯಾವ ಎಂಜಿನಿಯರ್ ಅಲ್ಲಿಗೆ ಹೋಗುತ್ತಾರೆ, ಅವರ ಯಾರು ಇಲ್ಲಿಗೆ ಬರುತ್ತಾರೆ, ಎಷ್ಟು ತಿಂಗಳು ಇರುತ್ತಾರೆ, ಯಾವ ಕೆಲಸ ಕಲಿಸುತ್ತಾರೆ ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಿರಿ.