ಎರಡು ಗಾಜಿನ ಬಿಲ್ಲೆ, ಒಂದಿಷ್ಟು ಸಾಣೆಪುಡಿ

ದೂರದರ್ಶಕದ ಕನ್ನಡಿ ಮಾಡಲು ಯಂತ್ರ ಬೇಕಿಲ್ಲ. ಒಂದೇ ಅಳತೆಯ ಎರಡು ದಪ್ಪ ಗಾಜಿನ ಬಿಲ್ಲೆ, ಕಾರ್ಬೊರಂಡಂ ಪುಡಿ, ನೀರು, ಸುತ್ತ ಓಡಾಡಲು ಜಾಗವಿರುವಂತೆ ನಿಲ್ಲಿಸಿದ ಒಂದು ಪೀಪಾಯಿ ಸಾಕು. ಪೀಪಾಯಿಯ ಮೇಲೆ ಒಂದು ಬಿಲ್ಲೆ ಕೂರಿಸಿ, ಒದ್ದೆ ಪುಡಿ ಹರಡಿ, ಇನ್ನೊಂದನ್ನು ಅದರ ಮೇಲಿಟ್ಟು ಹಿಂದೆ ಮುಂದೆ ಉಜ್ಜುತ್ತಾರೆ. ನಾಲ್ಕಾರು ಸಲ ಉಜ್ಜಿ, ಕೈಯಲ್ಲಿರುವ ಬಿಲ್ಲೆಯನ್ನು ತುಸು ತಿರುಗಿಸಿ, ತಾವೂ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ನೋಡುತ್ತ ನಿಂತವರಿಗೆ ಇದಕ್ಕಿಂತ ಬೇಸರದ ಹವ್ಯಾಸ ಇರಲಾರದು.

ಗಾಜಿನೊಳಗೆ ನಡೆಯುವುದು ಮಾತ್ರ ಸೊಗಸಾದ ರೇಖಾಗಣಿತ. ಮೇಲಿನ ಬಿಲ್ಲೆಯ ನಡು ಸವೆಯುತ್ತದೆ, ಕೆಳಗಿನದರ ಅಂಚು ಸವೆಯುತ್ತದೆ. ಹಳೆಯ ಒರಳೂ ಗುಂಡೂ ಒಂದಕ್ಕೊಂದು ಒಗ್ಗಿಕೊಳ್ಳುವ ಹಾಗೆ ಇವೂ ಒಗ್ಗಿಕೊಳ್ಳುತ್ತವೆ. ಎತ್ತ ಜಾರಿಸಿದರೂ, ಹೇಗೆ ತಿರುಗಿಸಿದರೂ ಎರಡು ಬಾಗಿದ ಮೈಗಳು ಎಲ್ಲೆಡೆ ತಾಗಿಕೊಂಡೇ ಇರಬೇಕಾದರೆ ಅವು ಗೋಳದ ತುಣುಕುಗಳೇ ಆಗಬೇಕು. ಎಲ್ಲಿ ಉಬ್ಬು ಉಳಿದಿದೆಯೋ ಅಲ್ಲೇ ಪುಡಿ ಮೊದಲು ಕಡಿಯುತ್ತದೆ. ಆದ್ದರಿಂದ ಕೈಯ ಓಟ ಪ್ರತಿಸಲ ಚೂರು ಬೇರೆಯಾದರೆ ಒಳ್ಳೆಯದೇ. ನಿಖರತೆಗಾಗಿ ಒದ್ದಾಡುವ ಬೇರೆ ಕಸುಬುಗಳವರು ಇದನ್ನು ಕೇಳಿ ಹೊಟ್ಟೆಕಿಚ್ಚು ಪಡಬೇಕು!

ಒರಟು ಪುಡಿಯಿಂದ ನುಣುಪಿನದಕ್ಕೆ ಇಳಿಯುತ್ತ ಹೋಗಿ, ಕೊನೆಗೆ ಪಿಚ್ ಎಂಬ ಕಪ್ಪು ಅಂಟಿನ ಹಾಸಿನ ಮೇಲೆ ಸೀರಿಯಂ ಆಕ್ಸೈಡ್ ಸವರಿ ಹೊಳಪು ಕೊಡುತ್ತಾರೆ. 6 ಅಂಗುಲ ಅಗಲ, 48 ಅಂಗುಲ ನಾಭಿದೂರದ ಕನ್ನಡಿಯಲ್ಲಿ ತಗ್ಗಿನ ಆಳ ಸುಮಾರು 1.2 ಮಿಲಿಮೀಟರ್ ಅಷ್ಟೇ. ದೂರದ ನಕ್ಷತ್ರದ ಬೆಳಕೆಲ್ಲ ಒಂದೇ ಬಿಂದುವಿಗೆ ಬರಬೇಕಾದರೆ ಗೋಳ ಸಾಲದು, ಪರವಲಯ ಬೇಕು. ಈ ಅಳತೆಯಲ್ಲಿ ಎರಡಕ್ಕೂ ಅಂಚಿನಲ್ಲಿರುವ ವ್ಯತ್ಯಾಸ ಒಂದು ಮಿಲಿಮೀಟರಿನ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು. ಅದನ್ನೂ ಕೈಯಲ್ಲೇ ಉಜ್ಜಿ ತರುತ್ತಾರೆ.

ಇಷ್ಟು ಸೂಕ್ಷ್ಮವನ್ನು ಅಳೆಯುವ ಉಪಾಯ ಕೊಟ್ಟವರು ಫ್ರಾನ್ಸಿನ ಲಿಯೋನ್ ಫೂಕೋ, 1850ರ ದಶಕದ ಕೊನೆಯಲ್ಲಿ. ಸೂಜಿತೂತಿನಿಂದ ಬೆಳಕು ಬಿಟ್ಟು, ಕನ್ನಡಿಯಿಂದ ಮರಳುವ ಕಿರಣಗಳು ಕೂಡುವೆಡೆ ಬ್ಲೇಡಿನ ಅಂಚನ್ನು ಅಡ್ಡ ತಂದರೆ, ನೆರಳು-ಬೆಳಕಿನಲ್ಲಿ ಮೈಯ ದಿಬ್ಬ, ಹಳ್ಳಗಳೆಲ್ಲ ಎದ್ದು ಕಾಣುತ್ತವೆ. ಹೆಬ್ಬೆರಳನ್ನು ಗಾಜಿಗೆ ಸ್ವಲ್ಪ ಹೊತ್ತು ಒತ್ತಿಹಿಡಿದರೂ ಸಾಕು, ಆ ಬಿಸಿಗೆ ಉಬ್ಬಿದ ಜಾಗ ಕಾಣುತ್ತದೆ.

ಫೂಕೋಗಿಂತ ಮೊದಲೇ, ಬಾತ್ ಪಟ್ಟಣದ ಸಂಗೀತಗಾರ ವಿಲಿಯಂ ಹರ್ಷೆಲ್ ಲೋಹದ ಕನ್ನಡಿ ಉಜ್ಜಿದ್ದ. ಕೈ ಬಿಡುವಂತಿಲ್ಲವಾದ್ದರಿಂದ ತಂಗಿ ಕ್ಯಾರೊಲಿನ್ ತುತ್ತು ಉಣಿಸುತ್ತಿದ್ದಳು. 1781ರಲ್ಲಿ ಅವನು ಯುರೇನಸ್ ಕಂಡದ್ದು ಸ್ವಂತ ತಯಾರಿಯ ದೂರದರ್ಶಕದಲ್ಲೇ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1920ರಲ್ಲಿ ರಸೆಲ್ ಪೋರ್ಟರ್ ಕಾರ್ಖಾನೆಯ ಕೆಲಸಗಾರರಿಗೆ ಈ ವಿದ್ಯೆ ಕಲಿಸಿದರು. ಐದು ವರ್ಷಗಳ ನಂತರ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ ಅದರ ಬಗ್ಗೆ ಬರೆದ ಮೇಲೆ ಇದು ಸಾವಿರಾರು ಮನೆಗಳ ಹವ್ಯಾಸವಾಯಿತು.

ನನಗೆ ಹೆಚ್ಚು ಇಷ್ಟದವರು ಜಾನ್ ಡಾಬ್ಸನ್. ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಗಾಜು, ಕಾಂಕ್ರೀಟ್ ಸುರಿಯುವ ರಟ್ಟಿನ ಕೊಳವೆ, ಪ್ಲೈವುಡ್ ಸೇರಿಸಿ ದೊಡ್ಡ ದೂರದರ್ಶಕಗಳನ್ನು ಕಟ್ಟಿದರು. ಮಠ ಬಿಡಬೇಕಾಗಿ ಬಂದಾಗ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿ ನಿಂತು ದಾರಿಹೋಕರಿಗೆ ಶನಿಯ ಬಳೆ ತೋರಿಸತೊಡಗಿದರು. ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಮಾಡಿಸಲಿಲ್ಲ.

ವೃತ್ತಿಪರರ ಕನ್ನಡಿಗಳಿಗೂ ಮೂಲತಃ ಇದೇ ದಾರಿ. ಕಾವಲೂರಿನ 2.34 ಮೀಟರಿನ ವೇಣು ಬಾಪು ದೂರದರ್ಶಕದ ಕನ್ನಡಿಗೆ ಸಾಣೆ ಹಿಡಿದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ.

ಕಲಿಯಬೇಕೆನ್ನುವವರು ಆರಂಗುಲದಿಂದಲೇ ಶುರುಮಾಡಲಿ. ಕೊಳವೆಯೊಳಗೆ ಬೆಳಕನ್ನು ಪಕ್ಕಕ್ಕೆ ತಿರುಗಿಸಲು ಒಂದು ಚಿಕ್ಕ ಚಪ್ಪಟೆ ಕನ್ನಡಿಯೂ ಬೇಕು. ಅದನ್ನು ಮಾತ್ರ ಅಂಗಡಿಯಿಂದ ಕೊಳ್ಳುವುದೇ ವಾಸಿ. ಎರಡು ಗಾಜು ಉಜ್ಜಿದರೆ ಬಾಗು ತಾನಾಗಿ ಬರುತ್ತದೆ, ಚಪ್ಪಟೆ ಬರಬೇಕಾದರೆ ಮೂರು ಗಾಜುಗಳನ್ನು ಜೋಡಿ ಬದಲಿಸಿ ಬದಲಿಸಿ ಉಜ್ಜಬೇಕು.