ಪಂಪ್‌ಸೆಟ್ ಪೆಟ್ಟಿಗೆಯೊಳಗಿನ ಪುಟ್ಟ ಗಣಕ

ಬೇಸಿಗೆಯಲ್ಲಿ ಅಡಿಕೆಗೆ ನೀರು ಬಿಡುವಾಗಲೂ ಹೂಮಳೆ ಬಾರದೆ ಕಾಫಿಗೆ ಸ್ಪ್ರಿಂಕ್ಲರ್ ಹಿಡಿಯುವಾಗಲೂ ಬೆಳೆಗಾರರ ಚಿಂತೆ ಒಂದೇ: ಬಾವಿ ಬತ್ತಿದ ಮೇಲೂ ಪಂಪು ಓಡಿದರೆ ಅದು ಕೆಟ್ಟು ಕೂರುತ್ತದೆ. ಇದನ್ನು ತಡೆಯುವ ಅನೇಕ ಪೆಟ್ಟಿಗೆಗಳಲ್ಲಿ ಮೈಕ್ರೋಕಂಟ್ರೋಲರ್ ಎಂಬ ಚಿಪ್ ಇರುತ್ತದೆ. ಪಾಲಿಟೆಕ್ನಿಕ್ಕಿಗೆ ಹೋಗುವ ನಮ್ಮ ಮಕ್ಕಳು ಕಲಿಯುವ ಈ ವಿದ್ಯೆಯನ್ನು ನಾವೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಇಂಟೆಲ್ ಕಂಪೆನಿ 1980ರಲ್ಲಿ ಹೊರತಂದ 8051 ಎಂಬ ಚಿಪ್ಪನ್ನೇ ನೋಡೋಣ. ಆದೇಶಗಳನ್ನು ಬರೆದಿಡಲು ಇದರಲ್ಲಿ 4 ಕಿಲೋಬೈಟ್ ಜಾಗವಿದೆ. ಕರೆಂಟು ಹೋದರೂ ಅದು ಲೆಕ್ಕದ ಪುಸ್ತಕದಂತೆ ಅಳಿಯುವುದಿಲ್ಲ. ತಾತ್ಕಾಲಿಕ ಲೆಕ್ಕಕ್ಕೆ 128 ಬೈಟ್ ಇದೆ. ಇದು ಸ್ಲೇಟಿನಂತೆ, ಕರೆಂಟು ಹೋದರೆ ಅಳಿಯುತ್ತದೆ. ಒಟ್ಟು 40 ಕಾಲುಗಳಲ್ಲಿ 32 ಹೊರಗಿನೊಡನೆ ವ್ಯವಹರಿಸಲು ಇವೆ. ಎಂಟೆಂಟು ಕಾಲುಗಳ ಒಂದೊಂದು ಗುಂಪೂ ಒಂದು ಪೋರ್ಟ್.

ಯಂತ್ರಕ್ಕೆ ತಿಳಿಯುವುದು 0 ಮತ್ತು 1 ಮಾತ್ರ. ಅದರ ಪ್ರತಿಯೊಂದು ಆದೇಶಕ್ಕೂ ಒಂದು ಗಿಡ್ಡ ಹೆಸರು ಕೊಟ್ಟು ಬರೆಯುವುದೇ ಅಸೆಂಬ್ಲಿ ಭಾಷೆ. ಬಾವಿಯಲ್ಲಿ ನೀರಿದ್ದರೆ ಪಿ1.0 ಕಾಲು 0, ಇಲ್ಲದಿದ್ದರೆ 1 ಎಂದಿರಲಿ. ಪಿ2.0 ಕಾಲು 0 ಆದಾಗ ರಿಲೇ ಎಳೆದು ಪಂಪು ಓಡಲಿ. ಆಗ ಐದೇ ಸಾಲು ಸಾಕು:

ನೋಡು: ಜೆಬಿ ಪಿ1.0, ನಿಲ್ಲಿಸು
ಸಿಎಲ್‌ಆರ್ ಪಿ2.0
ಎಸ್‌ಜೆಎಂಪಿ ನೋಡು
ನಿಲ್ಲಿಸು: ಸೆಟ್‌ಬಿ ಪಿ2.0
ಎಸ್‌ಜೆಎಂಪಿ ನೋಡು

'ಜೆಬಿ' ಎಂದರೆ, ಆ ಕಾಲು 1 ಇದ್ದರೆ ಹೇಳಿದ ಸಾಲಿಗೆ ಹೋಗು. 'ಸಿಎಲ್‌ಆರ್' 0 ಮಾಡುತ್ತದೆ, 'ಸೆಟ್‌ಬಿ' 1 ಮಾಡುತ್ತದೆ, 'ಎಸ್‌ಜೆಎಂಪಿ' ಮರಳಿ ಮೊದಲ ಸಾಲಿಗೆ ಕಳಿಸುತ್ತದೆ.

ಪಂಪು 1ಕ್ಕೆ ಓಡುವಂತೆ ಏಕೆ ಜೋಡಿಸಲಿಲ್ಲ? ಕರೆಂಟು ಹೋಗಿ ಬಂದಾಗ 8051ರ ಎಲ್ಲ ಪೋರ್ಟುಗಳೂ ತಾವಾಗಿ 1 ಆಗುತ್ತವೆ. ಹಾಗೆ ಜೋಡಿಸಿದ್ದರೆ ಮೊದಲ ಸಾಲು ನಡೆಯುವ ಮುನ್ನವೇ ರಿಲೇ ಎಳೆಯಬಹುದು, ಬಾವಿ ಒಣಗಿದ್ದರೂ ಸರಿಯೆ. ಅದೇ ರೀತಿ ಬಾವಿಯ ತಂತಿಯನ್ನು ಇಲಿ ಕಡಿದರೆ ಪಿ1.0 ತಾನಾಗಿ 1 ಎಂದೇ ಓದುತ್ತದೆ; ಪಂಪು ನಿಲ್ಲುತ್ತದೆ. ಸಾಲುಗಳಲ್ಲಿ ತಪ್ಪಿಲ್ಲದಿದ್ದರೂ ಚಿಪ್ಪಿನ ಒಳರಚನೆ ತಿಳಿಯದವನು ಮೋಟಾರು ಸುಟ್ಟಾನು. ರಚನೆಯನ್ನು ಮೊದಲು, ಭಾಷೆಯನ್ನು ಆಮೇಲೆ ಕಲಿಸುವುದು ಇದಕ್ಕಾಗಿಯೇ.

ಹೊಸ ಪೆಟ್ಟಿಗೆ ಬಂದಾಗ ಎಲೆಕ್ಟ್ರಿಷಿಯನ್‌ರಿಂದ ಮೋಟಾರಿನ ತಂತಿಯನ್ನೂ ಬಾವಿಯ ತಂತಿಯನ್ನೂ ಬಿಚ್ಚಿಸಿ, ಮೇನ್ ಸ್ವಿಚ್ಚನ್ನು ನಾಲ್ಕಾರು ಸಲ ಹಾಕಿ ತೆಗೆಸಿರಿ. ಒಂದು ಸಲವೂ ಸ್ಟಾರ್ಟರು 'ಟಕ್' ಎನ್ನಬಾರದು. ಎಂದರೆ, ಆ ಪೆಟ್ಟಿಗೆಯನ್ನು ಒಪ್ಪಿಕೊಳ್ಳಬೇಡಿರಿ.