ತಟ್ಟೆ ಎಸೆದು ಗಾಲ್ಫ್ ಆಡಿ!
ಗಾಲ್ಫ್ ಎಂದೊಡನೆ ಕ್ಲಬ್ಬಿನ ಸದಸ್ಯತ್ವ, ದುಬಾರಿ ಕೋಲುಗಳು ನೆನಪಾಗಿ ಅಪ್ಪ ಅಮ್ಮ ಹೌಹಾರುವುದು ಸಹಜ. ಡಿಸ್ಕ್ ಗಾಲ್ಫಿಗೆ ಒಂದು ಪ್ಲಾಸ್ಟಿಕ್ ತಟ್ಟೆ ಸಾಕು. ಇದರ ಮೊದಲ ಶಾಶ್ವತ ಕೋರ್ಸನ್ನು ಎಡ್ ಹೆಡ್ರಿಕ್ 1975ರಲ್ಲಿ ರೂಪಿಸಿದ್ದು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ. ಆಗ ಗುರಿ ಬರೀ ಕಂಬ. ತಟ್ಟೆ ತಗುಲಿತೋ ಇಲ್ಲವೋ ಎಂಬುದೇ ಜಗಳ! ಆತ ಕಂಬಕ್ಕೆ ಸರಪಳಿಗಳನ್ನು ಇಳಿಬಿಟ್ಟು ಕೆಳಗೆ ಬುಟ್ಟಿ ಕೂರಿಸಿದರು. 1977ರಲ್ಲಿ ಪೇಟೆಂಟ್ ಸಿಕ್ಕಿತು. ಝಣ್ ಎಂದು ತಟ್ಟೆ ಬುಟ್ಟಿಗೆ ಬಿದ್ದರೆ ಮತ್ತೆ ವಾದವುಂಟೇ?

ತಟ್ಟೆ ಬಿದ್ದಲ್ಲಿಂದಲೇ ಮುಂದಿನ ಎಸೆತ, ಮರದ ಬುಡವಾದರೂ ಸರಿ. ಕಡಿಮೆ ಎಸೆತಗಳಲ್ಲಿ ಎಲ್ಲ ಬುಟ್ಟಿ ಮುಗಿಸಿದವರು ಗೆದ್ದಂತೆ. ಆದರೆ ಉದ್ಯಾನದಲ್ಲಿ ಅಜ್ಜಿಯೊಬ್ಬರು ಅಡ್ಡ ಬಂದರೆ, ಅವರು ದಾಟುವವರೆಗೆ ಆಟ ನಿಲ್ಲಲೇಬೇಕು. ಈ ತಟ್ಟೆಯ ಅಂಚು ಮಾಮೂಲಿ ಫ್ರಿಸ್ಬಿಯದಕ್ಕಿಂತ ಚೂಪು. ಬಡಿದರೆ ಏಟು ಸಣ್ಣದಲ್ಲ.